ಮಂತ್ ಅನ್ನೂ ಶಬ್ದಕ್ಕ ಜೋಡಿ

ಇದನ್ನ ಶಹಾಪುರದ ಹೊರಗ ಯಾರ ಮುಂದೂ ಹೇಳಬ್ಯಾಡ ಅಂತ ಅಕ್ಕ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾಳ. ತನ್ನ ತಲಿ ಮ್ಯಾಲ ನನ್ನ ಕೈ ಇಟ್ಕೊಂಡು, "ನಾ ಆ ಮನ್ಯಾಗ ಬಾಳೇವು ಮಾಡಾಕಿ. ನೀ ಬಾಯಿ ಬಿಟ್ಟಿ ಅಂದ್ರ ನನಗ ಅಲ್ಲಿ ಒಂದ್ ಕಪ್ ಚಾ ಸೈತ ಸಿಗಂಗಿಲ್ಲ" ಅಂದಾಳ. ನಾ ಮೊದ್ಲೇ ಮಾತು ಕಡಿಮಿ. ಸಾಲ್ಯಾಗ ಹಾಜರಿ ಕರದ್ರ 'ಎಸ್ ಸರ್' ಅನ್ನಾಕ ಎರಡು ಸಲ ಉಗುಳು ನುಂಗ್ತಿದ್ದೆ. ಹಂಗಾಗಿ ಅಕ್ಕಗ ನನ್ನ ಫಿಕರ್ ಇಲ್ಲ. ಆದ್ರ ಬರೀಬ್ಯಾಡ ಅಂತ ಆಕಿ ಅಂದಿಲ್ಲ.

ಇಂಥಾವು ನಮ್ಮ ಕಡಿ ನಡೀತಾನೇ ಇರ್ತಾವ. ಯಾಕಂದ್ರ ನಮ್ಮಲ್ಲಿ ಹೆಂಗಸ್ರು ಗಂಡನ ಹೆಸ್ರು ಹಿಡಿಯಂಗಿಲ್ಲ. ಹಿಡೀಲೇಬೇಕು ಅಂದ್ರ ಒಡಪು ಹಾಕ್ಬೇಕು. ಎರಡು ಸಾಲು ಪ್ರಾಸ ಕೂಡಿಸಿ, ನಡುವ ಎಲ್ಲೋ ಹೆಸ್ರು ಸೇರಿಸಿ, ಹೇಳಿ, ಸೆರಗಿನಾಗ ಮಾರಿ ಮುಚ್ಕೋಬೇಕು. ಲಗ್ನ ಇರ್ಲಿ, ಬಸರಿ ಕುಬಸ ಇರ್ಲಿ, ಕೂಸಿನ ತೊಟ್ಲ ಇರ್ಲಿ, ಹತ್ತು ಹೆಂಗಸ್ರು ಕೂಡಿದ್ರ "ಹಾಕ ಒಡಪು" ಅಂತ ಗಂಟು ಬೀಳ್ತಾರ. ಅವತ್ತು ಹೆಂಗ ಹೇಳ್ತಿರೋ ಅದು ಸಾಯೂತನಕ ಬೆನ್ನು ಹತ್ತಿ ಬರ್ತದ.

ನಮ್ಮಪ್ಪ ಸುರಪುರದ ಕಡಿ ಕಾಲುವಿಗೆ ಲಸ್ಕರ್. ಅಂದ್ರ ಗೇಟು ಎತ್ತಾಂವ, ಗೇಟು ಇಳಿಸಾಂವ. ಕಾಲೊನಿ ಮನ್ಯಾಗ ನಾವು ಆರು ಮಂದಿ: ಅಪ್ಪ, ಅವ್ವ, ಅಕ್ಕ, ನಾನು, ಅಪ್ಪನ ಅವ್ವ ಅಂದ್ರ ಆಯಿ, ಆಕಿ ಗಂಡ ಮುತ್ಯಾ. ಕಾಲುವಿ ಬಂದಾಗ ನೀರಿನ ಜೋಡಿ ಇಂಗ್ಲಿಷೂ ಬಂತು. ಗೇಟು, ಗೇಜು, ಲೆವೆಲ್, ಲೈನಿಂಗು. ನೀರು ಹೊಲಕ್ಕ ಹೋತು. ಇಂಗ್ಲಿಷ್ ಸೀದಾ ಒಡಪಿಗೆ ಬಂತು.

೧. ಗೇಟು

ಶುರು ಮಾಡಿದಾಕಿ ಓವರ್ಸಿಯರ್ ಸಾಹೇಬ್ರ ಹೆಂಡ್ತಿ. ಕಾಲೊನ್ಯಾಗ ಒಂದು ಕುಬಸ ಇತ್ತು. ಚಾಪಿ ತುಂಬ ಹೆಂಗಸ್ರು. ಹೊರಗ ಕಟ್ಟಿ ಮ್ಯಾಲ ಗಂಡಸ್ರು ಎಲಿ ಅಡಿಕಿ ಹಾಕ್ಕೊಂಡು ಕುಂತಿದ್ರು. "ಹಾಕ್ರಿ ಬಾಯಾರ" ಅಂತ ಎಲ್ಲಾರೂ ಗಂಟು ಬಿದ್ರು. ಆಕಿ ಗಂಟಲು ಸರಿ ಮಾಡ್ಕೊಂಡ್ಳು:

"ಕಾಲುವಿಗೆ ಹಚ್ಚ್ಯಾರ ಕಬ್ಬಣದ ಗೇಟು,
ನಮ್ಮ ಶರಣಪ್ಪ ಮನಿಗೆ ಬರೂದು ದಿನಾ ಲೇಟು."

ಎಂಥಾ ಚಪ್ಪಾಳಿ! ನಾ ಮೂಲ್ಯಾಗ ಕುಂತು ಎಲಿ ಒರಸಾಕತ್ತಿದ್ದೆ, ನನ್ನ ಕೈ ಅಲ್ಲೇ ನಿಂತು ಹೋತು. ಗೇಟು, ಲೇಟು. ಎರಡೂ ಸಮುದ್ರದ ಆಚಿಂದ ಬಂದ ಶಬ್ದ. ಅಲ್ಲಿ ಭೆಟ್ಟಿ ಆಗಿದ್ವೋ ಇಲ್ಲೋ, ನಮ್ಮ ಕಾಲೊನಿ ಚಾಪಿ ಮ್ಯಾಲ ಬಂದು ಗಂಡ ಹೆಂಡ್ತಿ ಹಂಗ ಮಗ್ಗಲಕ್ಕ ಮಗ್ಗಲ ಹಚ್ಚಿ ಕುಂತಾವ! ನನಗ ಮೈ ಝುಂ ಅಂತು.

ಕಟ್ಟಿ ಮ್ಯಾಲೆ ಕುಂತ ಸಾಹೇಬ್ರಿಗೂ ಕೇಳಿಸಿತ್ತು. ಮರುದಿನದಿಂದ ಅವರು ಸಂಜಿ ಐದಕ್ಕೇ ಗೇಟು ಬಿಟ್ಟು ಮನಿಗೆ ಬರಾಕತ್ರು. ಒಂದು ವಾರ ಆದ ಮ್ಯಾಲ ಕೆಳಗಿನ ಊರಿನ ರೈತರು ಬಂದು ನಮ್ಮಪ್ಪನ ಮುಂದ ಒದರಿದ್ರು: "ಯಾರೋ ಆ ಒಡಪು ಹಾಕಿದಾಕಿ? ಸಾಹೇಬ್ರು ಜಲ್ದಿ ಆದ್ರು, ನಮ್ಮ ನೀರು ಲೇಟು ಆತು!"

೨. ಉಬ್ಬಿದ್ದು, ಉಬ್ಬದೇ ಇದ್ದದ್ದು

ಆವತ್ತಿನಿಂದ ಇಂಗ್ಲಿಷ್ ಶಬ್ದ ಇಲ್ಲದ ಒಡಪು ಹಳೇದು ಅಂತ ಆತು. ಹೆಂಗಸ್ರು ನನ್ನ ಹಂತೇಕ ಬರಾಕ ಹತ್ತಿದ್ರು. "ಏ ಪುಸ್ತಕದ ಹುಡುಗಿ, ಪಂಪು ಅನ್ನೂದಕ್ಕ ಏನು ಕೂಡ್ತದ ನೋಡ." ನಾ ಬಾಯಿಲೆ ಹೇಳ್ತಿರ್ಲಿಲ್ಲ. ಚೀಟಿ ಬರದು ಕೊಡ್ತಿದ್ದೆ.

ಯಾದಗಿರಿ ಲೈಬ್ರರ್ಯಾಗ ಒಂದು ದಪ್ಪ ಇಂಗ್ಲಿಷ್ ಕಿತಾಬು ಇತ್ತು. ಯಾವ ಶಬ್ದಕ್ಕ ಯಾವ ಶಬ್ದ ಪ್ರಾಸ ಅಂತ ಅದರಾಗ ಎರಡು ಸಾಲು ಮಾಡಿ ಬರದಿದ್ರು. ಒಂದು ಸಾಲು ಪೂರ್ತಿ ಕೂಡೂ ಶಬ್ದ, ಇನ್ನೊಂದು ಸನೇಕ ಬಂದು ತಪ್ಪೂ ಶಬ್ದ. ನಾ ಅವಕ್ಕ ಪಕ್ಕಾ, ಕಚ್ಚಾ ಅಂತ ಹೆಸರಿಟ್ಟು ನೋಟ್‌ಬುಕ್ಕಿನಾಗ ಇಳಿಸ್ಕೊಂಡು ಬಂದಿದ್ದೆ.

ಒಂದಿನ ಒಲಿ ಮುಂದ ಕುಂತು ಅವನ್ನ ಸಣ್ಣಾಗಿ ಓದಾಕತ್ತಿದ್ದೆ. ಆಯಿ ರೊಟ್ಟಿ ಬಡ್ಯಾಕತ್ತಿದ್ಳು. ಆಯಿ ಸಾಲಿ ಮೆಟ್ಲ ಹತ್ತಿದಾಕಿ ಅಲ್ಲ, ಇಂಗ್ಲಿಷ್ ಅಂದ್ರ ಏನಂತ ಗೊತ್ತಿಲ್ಲ. ನಾ "ರೇನ್, ಟ್ರೇನ್" ಅಂದೆ. ಆಯಿ ತಲಿ ಎತ್ತದೇ, "ಉಬ್ಬಿತು" ಅಂದ್ಳು.

"ಏನು ಆಯಿ?"

"ರೊಟ್ಟಿ ಅಲ್ಲ, ನಿನ್ನ ಮಾತು. ಪೂರ್ತಿ ಉಬ್ಬ್ಯಾದ. ಮುಂದ ಓದ."

"ಮೀಟರ್, ವಾಟರ್."

"ಅಂಚಿಗೆ ಉಬ್ಬ್ಯಾದ, ನಡುವ ಚಪ್ಪಟಿ ಅದ."

ಪುಸ್ತಕ ನೋಡ್ದೆ. ಕಚ್ಚಾ ಸಾಲು! "ಪಂಪ್, ಕ್ಯಾಂಪ್" ಅಂದೆ. "ಒಂದು ಮಗ್ಗಲ ಬೆಂದದ, ಒಂದು ಮಗ್ಗಲ ಹಸಿ ಅದ." ಮತ್ತ ಕಚ್ಚಾ. "ಲೈಟ್, ಟೈಟ್." "ಉಬ್ಬಿತು, ತಗೀ ತಗೀ, ಹತ್ತತದ." ಪಕ್ಕಾ. ಹಿಂಗ ಇಪ್ಪತ್ತು ಜೋಡಿ ಓದಿದೆ. ಇಪ್ಪತ್ತೂ ಬರೋಬರ್. ಆ ಕಿತಾಬು ಬರದವರು ಎಷ್ಟು ಓದಿದ್ರೋ ಏನೋ, ನಮ್ಮ ಆಯಿ ಹಿಟ್ಟು ಬಡಕೊಂತ ಬಡಕೊಂತ ಅವರಿಗೆ ಸಮ ಆಗಿ ಕುಂತಾಳ. ನನಗ ಆಯಿ ಮಾರಿ ನೋಡಾಕ ಒಂಥರಾ ಹೆದರಿಕಿ ಆತು, ಗುಡ್ಯಾಗ ದೀಪ ನೋಡಿದಂಗ.

ಕಡೀಕ ನಾ "ಕ್ಯೂಸೆಕ್" ಅಂದೆ. ಅದು ಅಪ್ಪನ ಶಬ್ದ, ಗೇಟಿನಾಗ ನೀರು ಎಷ್ಟು ಬಿಡ್ಬೇಕು ಅಂತ ಅಳಿಯೂದು. ಆಯಿ ಕೈ ನಿಲ್ಲಿಸಿದ್ಳು. ಕಣ್ಣು ಮುಚ್ಚಿದ್ಳು. ಹಂಚಿನ ಮ್ಯಾಲಿನ ರೊಟ್ಟಿ ಹೊಗಿ ಬಿಡಾಕತ್ತು. "ಇದಕ್ಕ ಹೆಣ್ಣು ಸಿಗಂಗಿಲ್ಲ" ಅಂದ್ಳು, "ಇದು ಸನ್ಯಾಸಿ."

ಅಷ್ಟರಾಗ ಅಪ್ಪ ಡ್ಯೂಟಿ ಮುಗಿಸಿ ಬಂದು ಉಣ್ಣಾಕ ಕುಂತ. ತಾಟಿನಾಗಿನ ರೊಟ್ಟಿ ತಿರುವಿ ನೋಡಿ, "ಅವ್ವ, ಇದೇನು ಇಷ್ಟು ಕರ್ರಗ?" ಅಂದ.

"ನಿನ್ನ ಕ್ಯೂಸೆಕ್ಕಿಗೆ ಕನ್ಯಾ ನೋಡಾಕತ್ತಿದ್ದೆ ಯಪ್ಪಾ, ತಡ ಆತು" ಅಂದ್ಳು ಆಯಿ.

೩. ಅಷ್ಟವ್ವ

ಇಷ್ಟು ಶಾಣ್ಯಾಕಿ ಆಯಿ, ಊರ ಮಂದಿಗೆಲ್ಲ ಒಡಪು ಕಟ್ಟಿ ಕೊಟ್ಟಾಕಿ, ತಾ ಮಾತ್ರ ಜನ್ಮದಾಗ ಒಂದೂ ಹಾಕಿಲ್ಲ. "ನನ್ನ ಲಗ್ನದಾಗ ನಾ ಇಷ್ಟಿದ್ದೆ" ಅಂತ ಮೊಣಕಾಲು ತೋರಸ್ತಾಳ. "ಒಡಪು ಹಾಕೂತನಕ ಒಳಗ ಬಿಡಂಗಿಲ್ಲ ಅಂತ ಗಂಡನ ಮನಿಯವ್ರು ಬಾಗಿಲು ತಡದಾಗ ನಾ ನಮ್ಮವ್ವನ ಬಗಲಾಗ ನಿದ್ದಿ ಹೊಡ್ಯಾಕತ್ತಿದ್ದೆ. ಹಂಗೇ ಎತ್ಕೊಂಡು ಒಳಗ ಒಯ್ದ್ರು." ಆಮ್ಯಾಲ ಯಾರು ಕೇಳಿದ್ರೂ ನಕ್ಕೊಂತ ಎದ್ದು ಹೋಗ್ತಿದ್ಳು. ಮುತ್ಯಾಂದು ದೇವ್ರ ಹೆಸ್ರು. ಆ ದೇವ್ರ ಗುಡಿ ನಮ್ಮ ಕಾಲೊನಿ ಮುಂದೇ ಅದ. ಆಯಿ ಅದಕ್ಕ 'ಗುಡ್ಡ ಹೊತ್ತಪ್ಪನ ಗುಡಿ' ಅಂತಾಳ. ಆಕಿ ಮುಂದ ಆ ಹೆಸ್ರು ಹಿಡಿಯಾಕ ನಮಗೂ ನಾಚಿಕಿ, ಹಂಗಾಗಿ ಮನಿ ಮಂದಿಯೆಲ್ಲ ಹಂಗೇ ಅಂತೀವಿ.

ಆದ್ರ ಈಗ ಹೇಳೂದು ಆಯಿ ಮಾತಲ್ಲ, ಬಳಿಚಕ್ರ ಊರಿಂದ ಹೊಸದಾಗಿ ಲಗ್ನ ಆಗಿ ಬಂದ ಡ್ರೈವರ್ ಹೆಂಡ್ತೀದು. ಆಕಿ ಗಂಡ ಜೀಪು ಹೊಡೀತಿದ್ದ. "ನನಗ ಜೀಪಿನ ಒಡಪು ಬೇಕು, ಪಕ್ಕಾ ಬೇಕು" ಅಂತ ನನ್ನ ಬೆನ್ನು ಬಿದ್ಳು. ನಾ ಹುಡುಕಿ ಹುಡುಕಿ ಬರದು ಕೊಟ್ಟೆ. ಹೆಸರಿನ ಜಾಗಾದಾಗ ಗೆರಿ ಹೊಡದಿದ್ದೆ, ಅದನ್ನ ನಾನ್ಯಾಕ ಬರೀಲಿ ಅಂತ. ಆಕಿ ಎಂಟು ದಿನ ನಳದ ಹಂತೇಕ ಕೊಡ ತುಂಬಸ್ಕೊಂತ ಬಾಯಿಪಾಠ ಮಾಡಿದ್ಳು.

ಕಾಲೊನ್ಯಾಗ ಒಂದು ಕೂಸಿನ ತೊಟ್ಲದ ದಿನ ಎದ್ದು ನಿಂತ್ಳು:

"ಜೀಪಿಗೆ ಬೇಕು ಸ್ಟೇರಿಂಗು, ಗಾಲಿಗೆ ಬೇಕು ಬೇರಿಂಗು,
ನನಗ ಬೇಕು..."

ಅಲ್ಲಿಗೆ ನಿಂತ್ಳು. ಮಾರಿ ಕೆಂಪಗಾತು. "ನನಗ ಬೇಕು... ಅಷ್ಟ!" ಅಂದವಳೇ ಕುಂತು ಬಿಟ್ಳು.

"ಅಯ್ಯ, ಹೆಸ್ರು ಎಲ್ಲಿ ಅದ?" ಅಂದ್ರು ಎಲ್ಲಾರೂ.

"ಹೆಸ್ರು ಹೇಳ್ಬಾರ್ದು ಅಂತ ಅಲ್ಲೇನ್ರಿ ಒಡಪು ಹಾಕೂದು? ಹಾಕೀನಲ್ಲ!"

ಈಗ ಆಕಿ ಮಗಳು ಸಾಲಿಗೆ ಹೋಗ್ತಾಳ. ಮಾಸ್ತರು ಸೈತ ಹಾಜರಿ ಪುಸ್ತಕ ನೋಡಂಗಿಲ್ಲ, "ಅಷ್ಟವ್ವನ ಮಗಳು ಬಂದಾಳೇನು?" ಅಂತಾರ.

೪. ಮಂತ್

ಆಮ್ಯಾಲ ಅಕ್ಕನ ಲಗ್ನ ಗೊತ್ತಾತು. ಹುಡುಗ ಶಹಾಪುರದಾಂವ. ಮನಿ ಚಲೋ, ಮಂದಿ ಚಲೋ. ಒಂದೇ ಪರೇಶಾನಿ: ಹುಡುಗಂದೂ ಮುತ್ಯಾನ ಹೆಸ್ರೇ. ಮೊದ್ಲೇ ಆಯಿ ಹಿಡಿಯಂಗಿಲ್ಲ, ಈಗ ಅಕ್ಕನೂ ಹಿಡಿಯಂಗಿಲ್ಲ. ನಮ್ಮ ಮನ್ಯಾಗ ಆ ಹೆಸ್ರು ಪೂರ್ತಿ ಬಂದ್ ಆತು. 'ಶಹಾಪುರದವ್ರು' ಅಂತ ಅನ್ನಾಕ ಹತ್ತಿದ್ವಿ.

ಆ ಮನ್ಯಾಗ ಹುಡುಗನ ಅಕ್ಕ ಒಬ್ಬಾಕಿ ಇದ್ಳು. ಲಗ್ನ ಆದಾಕಿ, ಗುಲಬರ್ಗಾದಾಗ ಇಂಗ್ಲಿಷ್ ತಗೊಂಡು ಬಿ.ಎ. ಮಾಡಿದಾಕಿ. ನಿಶ್ಚಯದ ದಿನ ಅಕ್ಕನ ಮಗ್ಗಲಕ್ಕ ಕುಂತು, "ನಿಮ್ಮ ಕಾಲೊನಿ ಇಂಗ್ಲಿಷ್ ಒಡಪು ಬಾಳ ಹೆಸರಾಗ್ಯಾವಂತ" ಅಂದ್ಳು. "ಬಾಗಿಲು ತಡಿಯಾಕಿ ನಾನೇ. ಶಬ್ದ ನಾ ಕೊಡ್ತೀನಿ. ಲಗ್ನಕ್ಕ ಇನ್ನು ಒಂದ್ ಮಂತ್ ಅದ ನೋಡ. ಅದೇ ಶಬ್ದ. ಮಂತ್. ಪ್ರಾಸ ಪಕ್ಕಾ ಇರ್ಬೇಕು. ಕಚ್ಚಾ ಆದ್ರ ಚಿಲಕ ತಗ್ಯಂಗಿಲ್ಲ."

ಆಯಿ ಅಲ್ಲೇ ಇದ್ಳು. "ನಮ್ಮ ಕಡಿ ಪದ್ಧತಿ ಗೊತ್ತದಲ್ಲ ಯವ್ವಾ?" ಅಂದ್ಳು. "ಹೊರಗಿನಾಕಿ ಪಕ್ಕಾ ಹಾಕಿದ್ಳಂದ್ರ ಒಳಗಿನಾಕೀನೂ ಅದೇ ಶಬ್ದಕ್ಕ ತನ್ನ ಗಂಡನ ಹೆಸ್ರು ಕೂಡಿಸಿ ತಿರುಗಿ ಹಾಕ್ಬೇಕು. ಆಮ್ಯಾಲೇ ಬಾಗಿಲು ತಗೀಬೇಕು."

"ಗೊತ್ತದ್ರಿ ಆಯಿ" ಅಂತ ಆಕಿ ಬಿದ್ದು ಬಿದ್ದು ನಕ್ಳು. ಯಾಕ ನಕ್ಳು ಅಂತ ನನಗ ಆಮ್ಯಾಲೆ ತಿಳೀತು.

ಅಕ್ಕ ಮನಿಗೆ ಬಂದು ನನ್ನ ಎರಡೂ ಕೈ ಹಿಡ್ಕೊಂಡ್ಳು. "ನಾ ಆ ಊರಾಗ ಅಷ್ಟವ್ವ ಆಗಂಗಿಲ್ಲ. ಏನಾರ ಮಾಡ ತಂಗಿ." ಅಕ್ಕ ನನಗ ಅಲ್ಲಿತನಕ ಏನೂ ಬೇಡಿದಾಕಿ ಅಲ್ಲ.

ನಾ ಬಸ್ಸು ಹತ್ತಿ ಯಾದಗಿರಿಗೆ ಹೋದೆ. ದಾರ್ಯಾಗ ಶಹಾಪುರ ಬಂತು, ಮಲಗಿದ ಮನಿಷ್ಯಾನಂಗ ಕಾಣೂ ಆ ಗುಡ್ಡ ಸೈತ ನನ್ನ ನೋಡಿ ನಗಾಕತ್ತದ ಅನಸ್ತು. ಲೈಬ್ರರ್ಯಾಗ ಕಿತಾಬು ತಗದೆ. ಮಂತ್. ಪಕ್ಕಾ ಸಾಲು ಖಾಲಿ. ಒಂದೂ ಶಬ್ದ ಇಲ್ಲ! ಅಷ್ಟು ದೊಡ್ಡ ಇಂಗ್ಲಿಷ್ ಭಾಷಾದಾಗ ಇಷ್ಟು ಸಣ್ಣ ಶಬ್ದ ಒಂಟಿ ನಿಂತದ. ನನಗ ಅಳು ಬರೋದು ಬಿಟ್ಟು, ಆ ಶಬ್ದದ ಮ್ಯಾಲ ಏನೋ ಒಂದು ಮರ್ಯಾದಿ ಹುಟ್ಟಿತು.

ಲೈಬ್ರರಿ ಸಾಹೇಬ್ರು ನನ್ನ ಮಾರಿ ನೋಡಿ, ಪೇಪರ್ ಓದಾಕ ಬಂದಿದ್ದ ಒಬ್ಬ ಮುದುಕ ಹೆಡ್ಮಾಸ್ತರ್ನ ಕರದ್ರು. "ನಲವತ್ತು ವರ್ಷ ಇಂಗ್ಲಿಷ್ ಕಲಿಸ್ಯಾರ, ಅವರನ್ನ ಕೇಳವ್ವ." ನಾ ಉಗುಳು ನುಂಗಿ ಕೇಳ್ದೆ. ಅವರು ಚಸ್ಮಾ ತಗದು ಒರಸಿ, ಹಾಕ್ಕೊಂಡು, ಮತ್ತ ತಗದ್ರು. "ನಲವತ್ತು ವರ್ಷದಾಗ ಒಬ್ಬ ಹುಡುಗನೂ ನನಗ ಈ ಪ್ರಶ್ನಿ ಕೇಳಿಲ್ಲ" ಅಂದ್ರು.

"ಉತ್ತರ ಏನ್ರಿ ಸರ್?"

"ಅದಕ್ಕೇ ಅಂತೀನಿ ಯವ್ವಾ, ಕೇಳದೇ ಇದ್ದದ್ದು ಎಷ್ಟು ಚಲೋ ಆತು."

ಮನಿಗೆ ಬಂದು ಕಡೀ ಆಸೆ ಅಂತ ಒಲಿ ಮುಂದ ಕುಂತೆ. "ಆಯಿ, ಮಂತ್ ಅನ್ನೂದಕ್ಕ ಏನು ಉಬ್ಬತದ?" ಆಯಿ ಕೈ ಅಲ್ಲೇ ನಿಂತ್ವು. ಗಲ್ಲ ಕೆಂಪಗಾದ್ವು. ಬಾಯಿಗೆ ಸೆರಗು ಹಿಡದು, "ನನ್ನ ಕೇಳಬ್ಯಾಡ ಹೋಗ" ಅಂತ ಆ ಕಡಿ ತಿರುಗಿದ್ಳು. ಆಯಿಗೂ ಬರಲಿಲ್ಲ ಅಂತ ನಾ ಎದ್ದು ಬಂದೆ. ಹಂಚಿನ ಮ್ಯಾಲ ರೊಟ್ಟಿ ಫುಗ್ಗೆ ಹಂಗ ಉಬ್ಬಿತ್ತು. ನಾ ಅದನ್ನ ಲಕ್ಷ್ಯಕ್ಕ ತಗೋಲಿಲ್ಲ.

ಕಡೀಕ ಕಚ್ಚಾ ಸಾಲಿನಾಗಿಂದ ಫ್ರಂಟ್ ಅನ್ನೂದನ್ನ ತಗದು ಒಂದು ಒಡಪು ಕಟ್ಟಿ ಅಕ್ಕಗ ಬರದು ಕೊಟ್ಟೆ. ಹೆಸರಿನ ಜಾಗಾದಾಗ ಯಾವಾಗಿನ ಹಂಗ ಗೆರಿ. ಅಕ್ಕನೂ ಆ ಗೆರಿ ಬಂದಲ್ಲಿ "ಹೂಂ" ಅಂತಷ್ಟೇ ಅಂದು ಬಾಯಿಪಾಠ ಮಾಡಿದ್ಳು.

೫. ಬಾಗಿಲು

ಲಗ್ನ ಆತು. ಅಕ್ಕನ್ನ ಕರ್ಕೊಂಡು ಟ್ರ್ಯಾಕ್ಟರ್ ಮ್ಯಾಲ ಶಹಾಪುರಕ್ಕ ಹೋದ್ವಿ. ಭರ್ತಿ ಮಧ್ಯಾಹ್ನ. ಮನಿ ಮುಂದ ಊರ ಹೆಂಗಸ್ರೆಲ್ಲ ಕೂಡ್ಯಾರ. ಅಕ್ಕ, ಭಾವ ಸೆರಗಿಗೆ ಶಲ್ಯ ಗಂಟು ಹಾಕ್ಕೊಂಡು ಹೊಸ್ತಿಲ ಮುಂದ ನಿಂತ್ರು. ಮುತ್ಯಾಗ ಬೇವಿನ ಗಿಡದ ಕೆಳಗ ಒಂದು ಕುರ್ಚಿ ಹಾಕಿದ್ರು. ಮುತ್ಯಾಗ ಕಿವಿ ಮಂದ, ಲಗ್ನದ ಬಾಜಾದಾಗೂ ಎಚ್ಚರ ಆಗಿದ್ದಿಲ್ಲ. ಕುಂತವನೇ ನಿದ್ದಿ ಹತ್ತಿದ.

ದಪ್ ಅಂತ ಬಾಗಿಲು ಬಿತ್ತು. ಒಳಗಿಂದ ಚಿಲಕ. ಭಾವನ ಅಕ್ಕನ ದನಿ ಬಂತು: "ಹಾಕ್ರಿ ನೋಡೂಣು. ಮಂತ್!"

ಅಕ್ಕ ನನ್ನ ಕಡಿ ನೋಡಿದ್ಳು. ನಾ ನೆಲ ನೋಡಿದೆ. ಅಕ್ಕ ಶುರು ಮಾಡಿದ್ಳು:

"ಲಗ್ನಕ್ಕ ಇತ್ತು ಒಂದೇ ಮಂತು,
ಬಂದು ನಿಂತೀನಿ ಮನಿ ಫ್ರಂಟು..."

ಹೆಸ್ರು ಇನ್ನೂ ಬಾಯಿಗೆ ಬಂದಿದ್ದಿಲ್ಲ, ಒಳಗಿಂದ "ಕಚ್ಚಾ! ಕಚ್ಚಾ! ನಡ್ಯಂಗಿಲ್ಲ!" ಅಂತ ನಗು. ಊರ ಹೆಂಗಸ್ರೂ ನಕ್ರು. ಒಬ್ಬಾಕಿ, "ಸೊಸಿ ಕಚ್ಚಾ ಬಂದಾಳ ನೋಡ" ಅಂದ್ಳು. ಹೆಸ್ರು ಹುಟ್ಟಾಕ ಎಷ್ಟೊತ್ತು ಬೇಕು? ಕಚ್ಚವ್ವ! ಅಕ್ಕನ ಕಣ್ಣಾಗ ನೀರು ತುಂಬಿದ್ವು. ನನಗ ಭೂಮಿ ಬಾಯಿ ಬಿಟ್ರ ಒಳಗ ಹೋಗ್ಲಿ ಅನಿಸ್ತು.

ಆಗ ಆಯಿ ಮುಂದ ಬಂದ್ಳು. ಕೋಲಿಲೆ ಬಾಗಿಲು ಬಡದ್ಳು. "ಬಿ.ಎ. ಮಾಡಿದವ್ವ, ಪಕ್ಕಾನೇ ಬೇಕೇನು?"

"ಪಕ್ಕಾನೇ ಬೇಕ್ರಿ ಆಯಿ! ಆದ್ರ ಅದು ಇಂಗ್ಲಿಷ್ ಕಿತಾಬಿನಾಗೇ ಇಲ್ಲ!"

"ಕಿತಾಬಿನಾಗ ಇಲ್ಲ ಯವ್ವಾ, ಆ ಗಿಡದ ಕೆಳಗ ಅದ" ಅಂದ್ಳು ಆಯಿ. ತಲಿ ಮ್ಯಾಲ ಸೆರಗು ಎಳ್ಕೊಂಡ್ಳು. ಒಂದು ಸಲ ಬೇವಿನ ಗಿಡದ ಕಡಿ ನೋಡಿದ್ಳು. ಆಮ್ಯಾಲ, ಹುಟ್ಟಿ ಇಷ್ಟು ವರ್ಷಕ್ಕ ಮೊದಲ ಸಲ, ಹೊಸ ಮದಲಗಿತ್ತಿ ಹಂಗ ದನಿ ನಡಗಿಸ್ಕೊಂತ ಹಾಕಿದ್ಳು:

"ಎಳ್ಳು ಬಿತ್ತೂದು ಒಂದ್ ಮಂತ, ಜ್ವಾಳ ಬಿತ್ತೂದು ಒಂದ್ ಮಂತ,
ಬಿತ್ತಲಿ ಬಿಡಲಿ, ಬಿಸಿ ರೊಟ್ಟಿಗೆ ಹನ್ನೆರಡೂ ಮಂತ ಹಣಮಂತ!"

ನನ್ನ ಕೈಯಾನ ನೋಟ್‌ಬುಕ್ಕು ಕೆಳಗ ಬಿತ್ತು. ನಾ ಯಾದಗಿರಿತನಕ ಹೋಗಿ ಹುಡುಕಿದ್ದು, ನಲವತ್ತು ವರ್ಷ ಕಲಿಸಿದವರಿಗೂ ಸಿಗದೇ ಇದ್ದದ್ದು, ನನ್ನ ಪುಟದಾಗ ಗೆರಿ ಆಗಿ ಬಿದ್ದಿತ್ತು. ಆಯಿಗೆ ಮೊದಲ ದಿನಾನೇ ಗೊತ್ತಿತ್ತು. ಹೇಳಬೇಕಂದ್ರ ಹೆಸ್ರು ಹಿಡೀಬೇಕಲ್ಲ!

ಆಯಿ ಬಾಯಿಂದ ಹೆಸ್ರು ಬಿದ್ದದ್ದೇ ತಡ, ಇಬ್ಬರು ಗಂಡಸ್ರು ಒಮ್ಮೆಲೇ ಓಗೊಟ್ರು. "ಏನ್ರಿ ಆಯಿ?" ಅಂದ ಭಾವ. ಬೇವಿನ ಗಿಡದ ಕೆಳಗ, ಬಾಜಾಕ್ಕೂ ಏಳದೇ ಇದ್ದ ಮುತ್ಯಾ, "ಓ... ಬಂದೆ, ಬಂದೆ!" ಅಂತ ಕುರ್ಚಿ ಬಿಟ್ಟು ಎದ್ದು ನಿಂತ. "ಯಾರೋ ನನ್ನ ಕರದಾಂವ?"

"ಯಾವ ಗಂಡಸೂ ಅಲ್ಲ ಮುತ್ಯಾ, ನಿನ್ನ ಹೆಂಡ್ತಿ!" ಅಂತ ಒಬ್ಬಾತ ಅವನ ಕಿವ್ಯಾಗ ಒದರಿದ.

"ಸುಳ್ಳು ಹೇಳಬ್ಯಾಡ್ರಿ" ಅಂದ ಮುತ್ಯಾ. "ಆಕಿಗೆ ನನ್ನ ಹೆಸ್ರು ಗೊತ್ತೇ ಇಲ್ಲ."

ಊರಿಗೆ ಊರೇ ನಕ್ಕಿತು. ಆ ನಗುವಿನಾಗೇ ಅಕ್ಕ ಕಣ್ಣು ಒರಸ್ಕೊಂಡು, ಯಾರೂ ಹೇಳಿ ಕೊಡದೇ, ತಾನೇ ಹಾಕಿದ್ಳು:

"ಕಾಲುವ್ಯಾಗ ನೀರು ಆರೇ ಮಂತ,
ನನ್ನ ಬಾಳಿಗೆ ಬಾರಾ ಮಹಿನಾ ಹಣಮಂತ!"

"ಉಬ್ಬಿತು!" ಅಂತ ಒದರಿದಾಕಿ ನಾನೇ. ಎಲ್ಲಾರೂ ನನ್ನ ಕಡಿ ತಿರುಗಿ ನೋಡಿದ್ರು. ನನ್ನ ದನಿ ಅಷ್ಟು ದೊಡ್ಡದು ಅಂತ ನನಗೂ ಗೊತ್ತಿದ್ದಿಲ್ಲ.

ಆಯಿ ಕೋಲು ಎತ್ತಿ ಮತ್ತ ಬಾಗಿಲು ಬಡದ್ಳು. "ಈಗ ನಿಮ್ಮ ಪಾಳಿ ಯವ್ವಾ. ಶಬ್ದ ನಿಮ್ಮದೇ. ಮಂತ್. ಪಕ್ಕಾ ಇರ್ಲಿ."

ಒಳಗ ಬಳಿ ಸಪ್ಪಳ ಬಂದ್ ಆತು.

ಆಕಿ ಗಂಡ ನಮ್ಮ ಜೋಡಿ ಹೊರಗೇ ನಿಂತಿದ್ದ. ಮೆಲ್ಲಕ ಬಾಗಿಲ ಸನೇಕ ಹೋಗಿ, "ಏ, ನನ್ನ ಹೆಸ್ರು ಮಲ್ಲಿಕಾರ್ಜುನ ಅದ, ಅದು ಮಂತಿಗೆ ಎಲ್ಲಿ ಕೂಡಬೇಕು? ಸೋತೆ ಅಂತ ಹೇಳಿ ತಗೀ, ಬಿಸಲಾಗ ಮಂದಿ ನಿಂತಾರ" ಅಂದ.

ನಾ ಬಾಗಿಲಿಗೆ ಕಿವಿ ಹಚ್ಚಿದೆ. ಯಾರೋ ಗಡಿಬಿಡಿಲೆ ಪುಸ್ತಕದ ಹಾಳಿ ತಿರುವಿದ ಸಪ್ಪಳ. ಆಮ್ಯಾಲ ಅದೂ ನಿಂತಿತು.

ಆಯಿ ಹೊಸ್ತಿಲ ಮುಂದ 'ಯವ್ವಾ' ಅಂತ ಕುಂತು ಕಾಲು ಚಾಚಿದ್ಳು. ಮುತ್ಯಾ ಬಂದು ಆಕಿ ಮಗ್ಗಲಕ್ಕ ಕುಂತ. "ಇನ್ನೊಂದು ಸಲ ಕರಿ" ಅಂದ. ಆಯಿ ಅವನ ಕಡಿ ನೋಡದೇ ಬಾಗಿಲು ಬಡದ್ಳು. ಭಾವ ಬಡದ. ಒಳಗಿನಾಕಿ ಗಂಡನೂ ಬಡದ.

ಬಾಗಿಲು ಮುಚ್ಚೇ ಇತ್ತು. ಒಳಗ ಹಾಳಿ ತಿರುವೂ ಸಪ್ಪಳ ಮತ್ತ ಶುರು ಆತು.